ಮೂವತ್ತೇಳನೆಯ ಗುಣ

ಕೌಂಟರ್ ನಂಬರ್ 4
(ಓದುಗರ ಪ್ರಶ್ನೆಗಳಿಗೆ ನಿವೃತ್ತ ಬ್ಯಾಂಕ್ ಕ್ಯಾಷಿಯರ್ ಒಬ್ಬರ ಉತ್ತರ)

ದಾವಣಗೆರೆಯ ತಾಯಿಯೊಬ್ಬರ ಪತ್ರವನ್ನು ಕಳೆದ ಸಂಚಿಕೆಯಲ್ಲೇ ಅಚ್ಚು ಹಾಕಿಸಿ, ಉತ್ತರಕ್ಕೆ ಒಂದು ವಾರ ಸಮಯ ಕೇಳಿದ್ದೆ. ಅಷ್ಟರೊಳಗೆ ಅದೇ ವಿಷಯಕ್ಕೆ ಇನ್ನೆರಡು ಪತ್ರ ಬಂದಿವೆ. ಹೊಸದಾಗಿ ಓದುವವರಿಗಾಗಿ ಮೊದಲ ಪತ್ರ ಮತ್ತೊಮ್ಮೆ.

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗಳು ಅಮೆರಿಕದ ಆಸ್ಟಿನ್‌ನಲ್ಲಿ ಕೆಲಸದಲ್ಲಿದ್ದಾಳೆ. ವಯಸ್ಸು 29. ಎರಡು ವರ್ಷದಿಂದ ಗಂಡು ನೋಡುತ್ತಿದ್ದೇವೆ. ಈ ಸಲ ಹಾಸನದ ಕಡೆಯ ಹುಡುಗ, ಒಳ್ಳೆಯ ಮನೆತನ, ಅವನೂ ಅದೇ ಊರಿನಲ್ಲಿದ್ದಾನೆ. ಜಾತಕದಲ್ಲಿ 36ಕ್ಕೆ 26 ಗುಣ ಕೂಡಿತ್ತು. ಇಬ್ಬರೂ ಮೂರು ಸಲ ಭೇಟಿಯಾದರು, ಮಾತುಕತೆ ಚೆನ್ನಾಗಿಯೇ ನಡೆದಿತ್ತು. ನಾಲ್ಕನೇ ಸಲ, ಕನ್ನಡ ಕೂಟದ ಯುಗಾದಿ ಊಟಕ್ಕೆ ಸಾಮಾನು ತರಲು ಒಟ್ಟಿಗೆ ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದಾರೆ. ಸಾಮಾನನ್ನೆಲ್ಲ ಕಾರಿಗೆ ಹಾಕಿದ ಮೇಲೆ ಆ ಹುಡುಗ ಖಾಲಿ ಕಾರ್ಟನ್ನು ಅದರ ಜಾಗಕ್ಕೆ ಸೇರಿಸದೆ, ಮುಂದಿನ ಎರಡು ಚಕ್ರವನ್ನು ಹುಲ್ಲಿನ ಕಟ್ಟೆಗೆ ಹತ್ತಿಸಿ ಬಿಟ್ಟು ಬಂದನಂತೆ. ಮಗಳು ಅಲ್ಲಿ ಏನೂ ಹೇಳಲಿಲ್ಲ. ರಾತ್ರಿ ಫೋನ್ ಮಾಡಿ, 'ಈ ಸಂಬಂಧ ಬೇಡಮ್ಮ' ಅಂದಳು. 'ಯಾರ ಭಯವೂ ಇಲ್ಲದಾಗ ಮನುಷ್ಯ ಏನು ಮಾಡ್ತಾನೋ ಅದೇ ಅವನ ಗುಣ, ಅದಕ್ಕೊಂದು ಥಿಯರಿಯೇ ಇದೆ' ಅನ್ನುತ್ತಾಳೆ. ಇವರು 'ಅವಳಿಗೆ ತಲೆ ಕೆಟ್ಟಿದೆ' ಅಂತ ಮಾತು ಬಿಟ್ಟಿದ್ದಾರೆ. ತಳ್ಳೋ ಗಾಡಿ ವಾಪಸ್ ಇಡದಿದ್ದರೆ ಮನುಷ್ಯ ಕೆಟ್ಟವನಾಗಿಬಿಡುತ್ತಾನಾ? ಮಗಳಿಗೆ ನಾನೇನು ಹೇಳಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಓದಿ ಮೊದಲು ನಗು ಬಂತು. ಕಾಫಿ ಮಾಡಿಕೊಂಡು ಬಂದು ಇನ್ನೊಂದು ಸಲ ಓದಿದೆ, ಆಗ ಬರಲಿಲ್ಲ.

1983ರಲ್ಲಿ ನನ್ನನ್ನು ನೋಡಲು ಬಂದಿದ್ದ ನಮ್ಮತ್ತೆ, ಉಪ್ಪಿಟ್ಟು ಕೇಸರಿಬಾತ್ ಎಲ್ಲ ಮುಗಿದ ಮೇಲೆ ಸೀದಾ ನಮ್ಮ ಅಡುಗೆಮನೆಗೆ ಬಂದರು. ಮೊರದಲ್ಲಿ ಅಕ್ಕಿ ಇತ್ತು. 'ಕಲ್ಲು ಆರಿಸ್ತಾ ಮಾತಾಡೋಣ, ಕೂತ್ಕೋ' ಅಂದರು. ಕಲ್ಲು ಎಷ್ಟು ಸಿಕ್ಕಿತು ಅನ್ನುವುದಲ್ಲ, ಸಿಕ್ಕ ಕಲ್ಲನ್ನು ಎಲ್ಲಿ ಹಾಕುತ್ತೇನೆ ಅಂತ ಅವರು ನೋಡುತ್ತಿದ್ದರಂತೆ. ನೆಲಕ್ಕೆ ಎಸೆದರೆ ಗುಡಿಸುವವರ ಚಿಂತೆ ಇಲ್ಲದವಳು, ಅಂಗೈಯಲ್ಲಿ ಇಟ್ಟುಕೊಂಡರೆ ಸಂಸಾರಸ್ಥೆ. ನಾನು ಅಂಗೈಯಲ್ಲಿ ಇಟ್ಟುಕೊಂಡೆ, ಪಾಸಾದೆ. ಮದುವೆಯಾಗಿ ಹತ್ತು ವರ್ಷದ ಮೇಲೆ ಅವರೇ ಈ ಗುಟ್ಟು ಹೇಳಿ ಹೆಮ್ಮೆಪಟ್ಟರು. ನಾನು ಸುಮ್ಮನಿದ್ದೆ. ನಿಜವೇನೆಂದರೆ ಅವತ್ತು ಹೆದರಿಕೆಗೆ ಕೈ ಬೆವರಿ ಕಲ್ಲು ಅಂಗೈಗೇ ಅಂಟಿಕೊಂಡಿತ್ತು.

ಹೀಗಾಗಿ ನಿಮ್ಮ ಮಗಳ ಪರೀಕ್ಷೆ ಹೊಸದೇನಲ್ಲ, ಮೊರದ ಬದಲು ಕಾರ್ಟ್ ಬಂದಿದೆ. ಅವಳು ಹೇಳುವ ಥಿಯರಿಯೂ ಅವಳ ಸ್ವಂತದ್ದಲ್ಲ. 2020ರಲ್ಲಿ ಹೆಸರು ಹೇಳದ ಯಾರೋ ಬರೆದು ಬಿಟ್ಟದ್ದು, 'ಶಾಪಿಂಗ್ ಕಾರ್ಟ್ ಥಿಯರಿ' ಅಂತ ಲೋಕವನ್ನೆಲ್ಲ ಸುತ್ತಿತು. ಕಾರ್ಟ್ ವಾಪಸ್ ಇಡುವುದು ಸುಲಭದ ಕೆಲಸ, ಇಡುವುದೇ ಸರಿ ಅಂತ ಎಲ್ಲರಿಗೂ ಗೊತ್ತು. ಇಡದಿದ್ದರೆ ದಂಡ ಹಾಕುವವರಿಲ್ಲ, ಇಟ್ಟರೆ ಬೆನ್ನು ತಟ್ಟುವವರೂ ಇಲ್ಲ. ಆದ್ದರಿಂದ, ಒಬ್ಬ ಮನುಷ್ಯ ತನ್ನನ್ನು ತಾನು ಆಳಿಕೊಳ್ಳಬಲ್ಲನೇ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಇಲ್ಲ – ಇದು ಆ ವಾದ. ಚುರುಕಾದ ವಾದ ಅಂತ ನಾನೂ ಒಪ್ಪುತ್ತೇನೆ. ಇಷ್ಟು ಅಗ್ಗದ ಅಳತೆಗೋಲು ನಮ್ಮ ಕಾಲದಲ್ಲಿ ಸಿಕ್ಕಿದ್ದರೆ ಬ್ಯಾಂಕಿನ ಸಾಲದ ವಿಭಾಗದವರು ಕುಣಿದಾಡುತ್ತಿದ್ದರು.

ಆದರೆ 'ಸುಲಭ' ಅನ್ನುವ ಮಾತಿನಲ್ಲೇ ನನಗೆ ತಕರಾರಿದೆ. ಯಾರಿಗೆ ಸುಲಭ?

2019ರಲ್ಲಿ ಮಗಳ ಬಾಣಂತನಕ್ಕೆ ಅಂತ ಆರು ತಿಂಗಳು ಟೆಕ್ಸಸ್‌ನ ಪ್ಲೇನೋದಲ್ಲಿದ್ದೆ. ಡಲ್ಲಾಸ್ ಪಕ್ಕದ ಊರು. ಜುಲೈ ತಿಂಗಳ ಮಧ್ಯಾಹ್ನ ಅಲ್ಲಿಯ ಪಾರ್ಕಿಂಗ್ ಲಾಟ್ ಅಂದರೆ ಕಾದ ಕಾವಲಿ. ಚಪ್ಪಲಿಯ ಅಟ್ಟೆ ಮೆತ್ತಗಾಗುತ್ತದೆ. ಒಂದು ದಿನ ನನಗೆ ಜ್ವರ, ಮಗಳೊಬ್ಬಳೇ ಐದು ವಾರದ ಕೂಸನ್ನು ಎತ್ತಿಕೊಂಡು ಡೈಪರ್ ತರಲು ಹೋದಳು. ವಾಪಸ್ ಬಂದು ಅಡುಗೆಮನೆಯಲ್ಲಿ ನಿಂತು ಅತ್ತಳು. ಆಗಿದ್ದಿಷ್ಟು. ಸಾಮಾನು ತುಂಬಿ, ಮಗುವನ್ನು ಅದರ ಸೀಟಿಗೆ ಬಿಗಿದು, ಏಸಿ ಹಾಕಿದ್ದಾಳೆ. ಕಾರ್ಟ್ ಬಿಡುವ ಜಾಗ ನಾಲ್ಕು ಸಾಲು ಆಚೆ. ಟೆಕ್ಸಸ್ ಕಾನೂನಿನಲ್ಲಿ ಏಳು ವರ್ಷದೊಳಗಿನ ಮಗುವನ್ನು, ಜೊತೆಗೆ 14 ವರ್ಷ ತುಂಬಿದವರು ಯಾರೂ ಇಲ್ಲದೆ, ಐದು ನಿಮಿಷಕ್ಕಿಂತ ಹೆಚ್ಚು ಕಾರಿನಲ್ಲಿ ಬಿಟ್ಟರೆ ಅಪರಾಧ. ಇವಳು ಗಡಿಯಾರ ನೋಡಿದಳು, ಮಗುವನ್ನು ನೋಡಿದಳು, ಕಾರ್ಟನ್ನು ಪಕ್ಕದ ಕಂಬಕ್ಕೆ ಒರಗಿಸಿ ಹೊರಟಳು. ಎದುರಿನ ಕಾರಿನಲ್ಲಿದ್ದ ಗಂಡಸೊಬ್ಬ ಗಾಜು ಇಳಿಸಿ ಏನೋ ಅಂದನಂತೆ. ಏನಂದ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಮನುಷ್ಯ ಇವತ್ತಿಗೂ ನನ್ನ ಮಗಳು ಆಳಿಕೊಳ್ಳಲು ಯೋಗ್ಯಳಲ್ಲ ಅಂದುಕೊಂಡಿರಬಹುದು.

ನಿಮ್ಮ ಹಾಸನದ ಹುಡುಗನ ಕಾರಿನಲ್ಲಿ ಕೂಸಿರಲಿಲ್ಲ, ಗೊತ್ತು. ಅವನ ಪರ ವಕಾಲತ್ತು ಹಾಕುತ್ತಿಲ್ಲ. ಬಿಟ್ಟ ಕಾರ್ಟ್ ಏನು ಮಾಡುತ್ತದೆ ಅನ್ನುವುದನ್ನೂ ನೋಡಿದ್ದೇನೆ. ಟೆಕ್ಸಸ್‌ನ ಗಾಳಿ ಎಂದರೆ ನಮ್ಮ ಆಷಾಢದ ಗಾಳಿಯಲ್ಲ, ಎತ್ತಿ ಒಗೆಯುವ ಗಾಳಿ. ಹಾಗೆ ಯಾರೋ ಬಿಟ್ಟು ಹೋದ ಕಾರ್ಟ್ ಒಂದು ತಾನಾಗೇ ಉರುಳಿಕೊಂಡು ಬಂದು ನಮ್ಮ ಅಳಿಯನ ಹೊಸ ಕಾರಿನ ಬಾಗಿಲಿಗೆ ಗುದ್ದಿತು. ಹಲಸಿನ ತೊಳೆಯಷ್ಟು ಅಗಲದ ತಗ್ಗು. ಅಂಗಡಿಯವರನ್ನು ಕೇಳಿದರೆ ಗೋಡೆಯ ಬೋರ್ಡ್ ತೋರಿಸಿದರು: ವಾಹನಕ್ಕೆ ಆಗುವ ಹಾನಿಗೆ ನಾವು ಹೊಣೆಯಲ್ಲ. ಅಳಿಯ ಮಿತಭಾಷಿ, ಅವತ್ತು ಅವನ ಬಾಯಿಂದ ಕೇಳಿದ ಕನ್ನಡವನ್ನು ಈ ಅಂಕಣದಲ್ಲಿ ಬರೆಯಲಾಗದು.

ಆ ಲಾಟಿನಲ್ಲಿ ಕಾರ್ಟ್ ಕೂಡಿಸುವ ಕೆಲಸಕ್ಕೆ ಅರವತ್ತು ದಾಟಿದವರೊಬ್ಬರಿದ್ದರು. ಹಸಿರು ಹಳದಿಯ ಹೊಳೆಯುವ ಜಾಕೀಟು, ಸೊಂಟದಲ್ಲೊಂದು ಪಟ್ಟಿ. ಚದುರಿದ ಕಾರ್ಟುಗಳನ್ನು ಹಿಡಿದು ತಂದು ಒಂದರೊಳಗೊಂದು ನೂಕಿ ಉದ್ದ ರೈಲು ಮಾಡಿ, ಪಟ್ಟಿ ಬಿಗಿದು, ಹಿಂದೆ ನಿಂತು ತಳ್ಳುತ್ತಿದ್ದರು. ಹೀಗೆ ಒಂದರೊಳಗೊಂದು ಸೇರಲು ಕಾರಣ, ಪ್ರತಿ ಗಾಡಿಯ ಹಿಂಬದಿ ಮೇಲಿನಿಂದ ಕೀಲು ಹಾಕಿದ ಬಾಗಿಲು. ಕನ್ಸಾಸ್ ಸಿಟಿಯ ಓರ್ಲಾ ವಾಟ್ಸನ್ ಅನ್ನುವವರು 1946ರಲ್ಲಿ ಕಂಡುಹಿಡಿದ ಉಪಾಯ. ಅದಿಲ್ಲದಿದ್ದರೆ ಪಾಪ ಆ ಮನುಷ್ಯ ಒಂದೊಂದನ್ನೇ ತಳ್ಳಬೇಕಿತ್ತು. ನೆರಳಿಗೆ ನಿಂತಿದ್ದಾಗ ಒಂದು ದಿನ ಕೇಳಿಯೇಬಿಟ್ಟೆ: ಜನ ಕಂಡಕಂಡಲ್ಲಿ ಬಿಟ್ಟು ಹೋದರೆ ನಿಮಗೆ ಸಿಟ್ಟು ಬರುವುದಿಲ್ಲವೇ? ಅವರು ಬೆವರು ಒರೆಸಿಕೊಂಡು, ಎಲ್ಲಿ ಬಿಟ್ಟರೂ ತರಬಹುದು, ಒಳಗೆ ಏನು ಬಿಟ್ಟಿದ್ದಾರೆ ಅನ್ನುವುದೇ ತಾಪತ್ರಯ ಅಂದರು. ಅವತ್ತು ಬೆಳಗ್ಗೆ ಎರಡು ಕಾರ್ಟಿನಲ್ಲಿ ಮಗುವಿನ ಬಳಸಿದ ಡೈಪರ್ ಸಿಕ್ಕಿತ್ತಂತೆ. ಆ ಎರಡೂ ಕಾರ್ಟು ಶಿಸ್ತಾಗಿ ತಮ್ಮ ಜಾಗದಲ್ಲೇ ನಿಂತಿದ್ದವು.

ಇದನ್ನು ಥಿಯರಿ ಬರೆದ ಆ ಅನಾಮಿಕರಿಗೆ ಯಾರಾದರೂ ತಿಳಿಸಬೇಕು.

ಈ ಗಾಡಿಯ ಹಣೆಬರಹವೇ ಹಾಗೆ, ಹುಟ್ಟಿದಾಗಿನಿಂದ ಜನ ಅದರಲ್ಲಿ ಗುಣ ಅಳೆಯುತ್ತಿದ್ದಾರೆ. ಮಗಳ ಮನೆಯಿಂದ ಮೂರು ಗಂಟೆ ಕಾರಿನ ದಾರಿಯ ಒಕ್ಲಹೋಮ ಸಿಟಿಯಲ್ಲಿ ಸಿಲ್ವನ್ ಗೋಲ್ಡ್‌ಮನ್ ಅನ್ನುವ ಅಂಗಡಿಗಳ ಮಾಲೀಕ 1937ರಲ್ಲಿ ಮಡಚುವ ಕುರ್ಚಿಯನ್ನು ನೋಡಿ, ಅದಕ್ಕೆ ಚಕ್ರ ಹಾಕಿ, ಎರಡು ಬುಟ್ಟಿ ಕೂರಿಸಿ ಮೊದಲ ಕಾರ್ಟ್ ಮಾಡಿಸಿದ. ಯಾರೂ ಮುಟ್ಟಲಿಲ್ಲ. ಬುಟ್ಟಿ ಹೊರಲಾರದ ಬಡಕಲು ಅಂದಾರು ಅಂತ ಗಂಡಸರಿಗೆ ನಾಚಿಕೆ. ಹೆಂಗಸರಿಗೆ ಮಕ್ಕಳ ಗಾಡಿ ತಳ್ಳಿದ್ದೇ ಸಾಕಾಗಿತ್ತು. ಕೊನೆಗೆ ಗೋಲ್ಡ್‌ಮನ್ ಕೂಲಿ ಕೊಟ್ಟು ಜನರನ್ನು ಕರೆಸಿ, ಗಿರಾಕಿಗಳ ಹಾಗೆ ಅಂಗಡಿ ತುಂಬ ಕಾರ್ಟ್ ತಳ್ಳಿಸಿದ. ನಾಲ್ಕು ಜನ ತಳ್ಳಿದ್ದನ್ನು ನೋಡಿ ಐದನೆಯವನೂ ತಳ್ಳಿದ.

ತಳ್ಳುವುದಕ್ಕೆ ನಾಲ್ಕು ಜನರನ್ನು ನೋಡುವ ನಾವು, ಬಿಟ್ಟು ಬರುವುದಕ್ಕೂ ಅವರನ್ನೇ ನೋಡುತ್ತೇವೆ. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಸಂಶೋಧಕರು ಒಂದು ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್ ಜಾಗದಲ್ಲಿ ಕಾರುಗಳ ಗಾಜಿನ ವೈಪರಿಗೆ ಒಂದೊಂದು ಕರಪತ್ರ ಸಿಕ್ಕಿಸಿ ಕಾದು ನೋಡಿದರು. ಸುತ್ತ ಎಲ್ಲ ಓರಣವಾಗಿದ್ದ ದಿನ ಕರಪತ್ರವನ್ನು ನೆಲಕ್ಕೆ ಎಸೆದವರು ನೂರಕ್ಕೆ 30. ಕಾರ್ಟುಗಳನ್ನು ಅಲ್ಲಲ್ಲಿ ಬಿಟ್ಟಿದ್ದ ದಿನ ಎಸೆದವರು ನೂರಕ್ಕೆ 58. 2008ರಲ್ಲಿ ಪ್ರಕಟವಾದ ಅಧ್ಯಯನ ಇದು. ಅದೇ ಅಂಗಡಿ, ಅದೇ ಬಗೆಯ ಜನ. ಹಾಗಾದರೆ ಮೊದಲು ಸಂಭಾವಿತರಾಗಿದ್ದ ಆ 28 ಜನರ ಗುಣ ಎಲ್ಲಿ ಹೋಯಿತು? ನಿಮ್ಮ ಮಗಳನ್ನು ಒಂದು ಕೇಳಿ ನೋಡಿ: ಆ ಹುಲ್ಲಿನ ಕಟ್ಟೆಯ ಮೇಲೆ ಅವತ್ತು ಇನ್ನೆಷ್ಟು ಕಾರ್ಟುಗಳಿದ್ದವು?

ಇನ್ನೊಂದು ಕೇಳಬೇಕಾದ್ದು, ಅವನಿಗೆ ಅವಸರವಿತ್ತಾ ಅಂತ. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ಹುಡುಗರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿ, ದಾರಿಯಲ್ಲಿ ಒಬ್ಬ ಮನುಷ್ಯನನ್ನು ನರಳುತ್ತ ಕುಸಿದು ಕೂರುವಂತೆ ಮಾಡಿದ್ದರು. 1973ರಲ್ಲಿ ಅದರ ವರದಿ ಬಂತು. ಸಮಯ ಬೇಕಾದಷ್ಟಿದೆ ಅಂತ ಹೇಳಿಸಿಕೊಂಡವರಲ್ಲಿ ನೂರಕ್ಕೆ 63 ಮಂದಿ ನಿಂತು ವಿಚಾರಿಸಿದರು. ತಡವಾಯಿತು ಓಡು ಅನ್ನಿಸಿಕೊಂಡವರಲ್ಲಿ ನಿಂತವರು ನೂರಕ್ಕೆ 10. ಕೆಲವರು ಹೋಗುತ್ತಿದ್ದದ್ದು, ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರ್ಯದವನ ಕಥೆಯ ಮೇಲೆಯೇ ಭಾಷಣ ಮಾಡಲು!

ಅಂಕಿಅಂಶ ಸಾಕು, ನನ್ನ ಕೌಂಟರಿನ ಕಥೆ ಹೇಳುತ್ತೇನೆ. 1991ರ ಅಡಿಕೆ ಸುಗ್ಗಿಯ ಕಾಲ, ಶಿವಮೊಗ್ಗದಲ್ಲಿ ನಾನಿದ್ದ ಶಾಖೆಯಲ್ಲಿ ಕಾಲಿಡಲು ಜಾಗವಿಲ್ಲ. ಮಂಡಿಯೊಂದರ ಗುಮಾಸ್ತರಿಗೆ ಐವತ್ತರ ನೋಟಿನ ಕಟ್ಟು ಕೊಡುವ ಕಡೆ ನೂರರ ಕಟ್ಟು ಕೊಟ್ಟುಬಿಟ್ಟೆ. ಸಂಜೆ ಲೆಕ್ಕ ಹೊಂದಿಸಲು ಕೂತರೆ ಐದು ಸಾವಿರ ರೂಪಾಯಿ ಕಡಿಮೆ. ಕ್ಯಾಷಿಯರ್ ಕಳೆದರೆ ಕ್ಯಾಷಿಯರೇ ತುಂಬಬೇಕು. ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚಿನ ಮೊತ್ತ. ಮೂರು ಸಲ ಎಣಿಸಿದೆ, ಮೇಜಿನ ಕೆಳಗೆ ಬಗ್ಗಿ ನೋಡಿದೆ, ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದೆ. ಷಟರ್ ಅರ್ಧ ಎಳೆದಿದ್ದರು. ಅದರಡಿ ತಲೆ ತೂರಿಸಿ ಆ ಗುಮಾಸ್ತರು ಬಂದರು. 'ತಾಯೀ, ನಿಮ್ಮ ಕಟ್ಟು ಅದಲುಬದಲಾಗಿದೆ' ಅಂತ ನೂರರ ಕಟ್ಟನ್ನು ದಾರ ಬಿಚ್ಚದೆ ಹಾಗೇ ಕೌಂಟರಿನ ಮೇಲಿಟ್ಟರು. ನನಗೆ ಮಾತೇ ಹೊರಡಲಿಲ್ಲ. ಕೈ ಮುಗಿಯಲು ಎದ್ದು ನಿಂತೆ. ಅವರೂ ಮುಂದಕ್ಕೆ ಬಗ್ಗಿದರು. ಆಗ ಕಂಡಿತು, ಅವರ ಅಂಗಿ ಜೇಬಿನಲ್ಲಿ ನನ್ನ ಪೆನ್ನು. ಅನುಮಾನವೇ ಇಲ್ಲ, ಹಿಂತುದಿಗೆ ನಾನೇ ಕೆಂಪು ಟೇಪು ಸುತ್ತಿದ್ದೆ. ಹಿಂದಿನ ವಾರ ಚಲನ್ ಬರೆಯಲು ಅಂತ ಕೇಳಿ ಪಡೆದದ್ದು.

ಐದು ಸಾವಿರ ವಾಪಸ್ ತಂದವರು ಒಂದೂವರೆ ರೂಪಾಯಿಯ ಪೆನ್ನು ವಾಪಸ್ ಕೊಡಲಿಲ್ಲ. ಪೆನ್ನಿನಿಂದ ಅಳೆದಿದ್ದರೆ ಕಳ್ಳ, ಕಟ್ಟಿನಿಂದ ಅಳೆದರೆ ದೇವರು. ಹಾರ್ಟ್‌ಶಾರ್ನ್ ಮತ್ತು ಮೇ ಎಂಬಿಬ್ಬರು ಅಮೆರಿಕದ ಸಾವಿರಾರು ಶಾಲಾ ಮಕ್ಕಳಿಗೆ ಸುಳ್ಳು, ಕಳ್ಳತನ, ನಕಲು ಹೊಡೆಯುವುದು ಹೀಗೆ ತರತರದ ಪರೀಕ್ಷೆ ಒಡ್ಡಿ 1928ರಲ್ಲಿ ಬರೆದದ್ದೂ ಇದನ್ನೇ: ಒಂದು ಕಡೆ ಪ್ರಾಮಾಣಿಕನಾಗಿದ್ದ ಮಗು ಇನ್ನೊಂದು ಕಡೆಯೂ ಹಾಗೇ ಇರುತ್ತದೆ ಅನ್ನುವ ಗ್ಯಾರಂಟಿ ಬಹಳ ತೆಳು. ನಮ್ಮನೆಯವರನ್ನೇ ತಗೊಳ್ಳಿ. ಪ್ಲೇನೋದಲ್ಲಿ ತಮ್ಮ ಕಾರ್ಟಷ್ಟೇ ಅಲ್ಲ, ಕಣ್ಣಿಗೆ ಬಿದ್ದ ಊರವರ ಕಾರ್ಟುಗಳನ್ನೆಲ್ಲ ಹಿಡಿದು ದೊಡ್ಡಿಗೆ ಸೇರಿಸುತ್ತಿದ್ದರು, ಬೀಡಾಡಿ ದನ ಸೇರಿಸುವವರ ಹಾಗೆ. ಅಳಿಯನ ಸ್ನೇಹಿತರು 'ಅಂಕಲ್ ಗ್ರೇಟ್' ಅನ್ನುವುದು, ಇವರು ಬೀಗುವುದು. ಮನೆಯಲ್ಲಿ ಕುಡಿದ ಕಾಫಿ ಲೋಟವನ್ನು ಎತ್ತಿ ಸಿಂಕಿಗೆ ಇಟ್ಟದ್ದನ್ನು ಇಷ್ಟು ವರ್ಷದ ಸಂಸಾರದಲ್ಲಿ ನಾನು ಕಂಡಿಲ್ಲ. ಇದನ್ನು ಅಚ್ಚಿಗೆ ಕೊಡುವ ಮುಂಚೆ ಅವರಿಗೆ ಓದಿ ಹೇಳಿದ್ದೇನೆ. 'ಲೋಟ ಬೇರೆ, ಕಾರ್ಟ್ ಬೇರೆ' ಅಂದರು. ನಾನೂ ಅದನ್ನೇ ಹೇಳುತ್ತಿದ್ದೇನೆ.

ಹಾಗಂತ ಅವಳು ನೋಡಿದ್ದು ಏನೂ ಅಲ್ಲ ಅಂತ ಒರೆಸಿ ಹಾಕಬೇಡಿ. ನಿಮ್ಮವರ ಹಾಗೆ 'ತಲೆ ಕೆಟ್ಟಿದೆ' ಅಂದರೆ ಅವಳು ಮುಂದೆ ನಿಮಗೆ ಏನನ್ನೂ ಹೇಳುವುದಿಲ್ಲ. ನನ್ನ ಆಕ್ಷೇಪಣೆ ಬೇರೆಯದು: ಅವಳು ನೋಡಿದಳು, ಕೇಳಲಿಲ್ಲ. ಅಲ್ಲೇ ಕಾರಿನಲ್ಲಿ, 'ಅದನ್ಯಾಕೆ ಅಲ್ಲಿ ಬಿಟ್ಟೆ?' ಅಂತ ಒಂದು ಮಾತು ಕೇಳಿದ್ದರೆ ನಿಮಗೆ ಈ ಪತ್ರ ಬರೆಯುವ ಕೆಲಸ ಇರುತ್ತಿರಲಿಲ್ಲ. 'ಅಯ್ಯೋ, ಮಾತಿನಲ್ಲಿ ಮರೆತೆ' ಅಂತ ಇಳಿದು ಹೋಗುವವನು ಒಬ್ಬ. 'ಇರಲಿ ಬಿಡು, ಎಲ್ಲರೂ ಬಿಡ್ತಾರೆ' ಅನ್ನುವವನು ಇನ್ನೊಬ್ಬ. ಇವನನ್ನು ತಿದ್ದಬಹುದು, ದರ್ಶಿನಿಯಲ್ಲಿ ಇಡ್ಲಿ ತಿಂದು ತಟ್ಟೆ ಹಾಗೇ ಬಿಟ್ಟು ಬೆಳೆದ ನಾವೆಲ್ಲ ಸ್ವಲ್ಪ ಅವನ ಜಾತಿಯೇ. 'ಅದಕ್ಕೇ ಅಂತ ಸಂಬಳ ಕೊಟ್ಟು ಜನ ಇಟ್ಟಿದ್ದಾರೆ' ಅಂತ ಹೇಳುವವನು ಮೂರನೆಯವನು. ಆ ಮಾತು ಅವನ ಬಾಯಿಂದ ಬಂದಿದ್ದರೆ, 36ಕ್ಕೆ 36 ಗುಣ ಕೂಡಿದ್ದರೂ ನಾನು ನಿಮ್ಮ ಮಗಳ ಕಡೆಗೇ ನಿಲ್ಲುತ್ತಿದ್ದೆ. ಆ ಜಾಕೀಟಿನ ಮುದುಕರನ್ನು ನಾನು ನೋಡಿದ್ದೇನೆ. ಇವತ್ತು ಅವರು, ನಾಳೆ ಮನೆಗೆಲಸದವಳು, ನಾಡಿದ್ದು ಹೆಂಡತಿ.

ಆದರೆ ಈ ಮೂವರಲ್ಲಿ ಅವನು ಯಾರು ಅನ್ನುವುದು ಕಟ್ಟೆಯ ಮೇಲಿನ ಕಾರ್ಟ್ ನೋಡಿ ಗೊತ್ತಾಗುವುದಿಲ್ಲ, ಮೂರೂ ಕಾರ್ಟು ಒಂದೇ ಥರ ನಿಂತಿರುತ್ತವೆ. ಐದನೇ ಸಲ ಭೇಟಿಯಾಗಲು ಹೇಳಿ. ಕೇಳಲಿ. ಮೋಸದ ಪರೀಕ್ಷೆ ಬೇಡ, ನೇರವಾಗಿ: 'ನೀನು ಅವತ್ತು ಕಾರ್ಟ್ ಬಿಟ್ಟಿದ್ದು ನನಗೆ ಸರಿ ಕಾಣಲಿಲ್ಲ.' ಹುಡುಗಿ ಹೀಗೆ ಮುಖಕ್ಕೆ ಹೇಳಿದಾಗ ಅವನು ಸಿಡುಕುತ್ತಾನೋ, ನಗುತ್ತಾನೋ, ಯೋಚಿಸುತ್ತಾನೋ ನೋಡಿಕೊಳ್ಳಲಿ. ಜೊತೆಗೆ ಅವನೂ ಅವಳಲ್ಲಿ ಏನು ಗಮನಿಸಿ ಸುಮ್ಮನಿದ್ದಾನೆ ಅಂತ ಕೇಳಿಸಿಕೊಳ್ಳಲಿ. ಆಮೇಲೂ ಬೇಡ ಅನ್ನಿಸಿದರೆ ಬೇಡ. ಮದುವೆಯಾಗುವವಳು ಅವಳು. ಆದರೆ ಆಗ ಕಾರಣಕ್ಕೆ ಥಿಯರಿ ಬೇಕಾಗುವುದಿಲ್ಲ.

ಪ್ರಶ್ನೆ: ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಇಲ್ಲಿ ಕಾರ್ಟ್‌ಗೆ ಒಂದು ಯೂರೋ ನಾಣ್ಯ ಹಾಕಿದರೆ ಮಾತ್ರ ಸರಪಳಿ ಬಿಚ್ಚುತ್ತದೆ, ವಾಪಸ್ ಸಿಕ್ಕಿಸಿದರೆ ನಾಣ್ಯ ಸಿಗುತ್ತದೆ. ಹಾಗಾಗಿ ಬೀದಿಯಲ್ಲಿ ಒಂದೂ ಕಾರ್ಟ್ ಕಾಣುವುದಿಲ್ಲ. ಅಮೆರಿಕದವರು ಗುಣ, ಥಿಯರಿ ಅಂತ ಕಿತ್ತಾಡುವ ಬದಲು ಇದನ್ನೇ ಮಾಡಬಾರದೇ? ಒಂದು ನಾಣ್ಯಕ್ಕೆ ಮುಗಿಯುವ ಮಾತು.
– ಧಾರವಾಡದ ಹುಡುಗ, ಸ್ಟುಟ್‌ಗಾರ್ಟ್

ಉತ್ತರ: ಮಾಡಿದ್ದಾರಪ್ಪ. ನಿಮ್ಮ ಜರ್ಮನಿಯದೇ ಆದ ಆಲ್ಡಿ ಅಂಗಡಿಗಳು ಅಮೆರಿಕದಲ್ಲೂ ಇವೆ, ಅಲ್ಲಿ 25 ಸೆಂಟ್ ನಾಣ್ಯ ಹಾಕಬೇಕು. ಅಲ್ಲಿಯ ಲಾಟು ಓರಣವಾಗಿರುತ್ತದೆ, ಒಪ್ಪಿದೆ.

ಮೇಲಿನ ಉತ್ತರದಲ್ಲಿ ಬಂದ ಗುಮಾಸ್ತರ ಕೃಪೆಯಿಂದ ನಾನೂ ನಿಮ್ಮ ಜರ್ಮನ್ ಪದ್ಧತಿಗೆ ಇಳಿದೆ: ಪೆನ್ನು ಕೊಡುವುದು, ಕ್ಯಾಪ್ ಇಟ್ಟುಕೊಳ್ಳುವುದು. ಕ್ಯಾಪಿಲ್ಲದ ಪೆನ್ನನ್ನು ಬಿಳಿ ಅಂಗಿಯ ಜೇಬಿಗೆ ಯಾರು ಇಟ್ಟುಕೊಳ್ಳುತ್ತಾರೆ? ಮೇಜಿನ ಮೇಲಿನ ಪೆನ್ನಿಗೆ ಬ್ಯಾಂಕಿನವರು ಹುರಿ ಕಟ್ಟಿದ್ದರು, ಅದು ಬರೆಯುವ ಜಾಗಕ್ಕೆ ಮೂರು ಇಂಚು ಮೊದಲೇ ನಿಲ್ಲುತ್ತಿತ್ತು. ಆ ಮಾತು ಬೇರೆ. ಕ್ಯಾಪ್ ಉಪಾಯದಿಂದ ಪೆನ್ನುಗಳೇನೋ ವಾಪಸ್ ಬಂದವು. ಆದರೆ ಒಂದು ದಿನ ಪಿಂಚಣಿಗೆ ಬಂದ ಮೇಷ್ಟರೊಬ್ಬರು ಪೆನ್ನಿಗೆ ಕೈ ಚಾಚಿದವರು, ನನ್ನ ಎಡಗೈಯಲ್ಲಿ ಉಳಿದ ಕ್ಯಾಪನ್ನು ನೋಡಿದರು. ಚಾಚಿದ ಕೈ ಹಿಂದಕ್ಕೆ ತಗೊಂಡು, 'ಇರಲಿ ಬಿಡಮ್ಮ' ಅಂತ ಹೊರಗೆ ಹೋಗಿ ಪಕ್ಕದ ಅಂಗಡಿಯಿಂದ ಒಂದು ಪೆನ್ನು ಕೊಂಡು ತಂದು ಬರೆದರು. ಅವರಿಗೆ ಹಣ ಎಣಿಸಿ ಕೊಡುವಾಗ ತಲೆ ಎತ್ತಲಾಗಲಿಲ್ಲ.

ಇಸ್ರೇಲಿನ ಹೈಫಾದಲ್ಲಿ ಹತ್ತು ಶಿಶುವಿಹಾರಗಳನ್ನು ಆರಿಸಿಕೊಂಡು, ಕೆಲವುಗಳಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ತಂದೆತಾಯಿಗೆ ಸಣ್ಣ ದಂಡ ಹಾಕಿ ನೋಡಿದರು. ತಡ ಮಾಡುವವರು ಕಡಿಮೆಯಾಗುವ ಬದಲು ಹೆಚ್ಚುಕಡಿಮೆ ಎರಡು ಪಟ್ಟಾದರು. ಟೀಚರಮ್ಮ ಕಾಯುತ್ತಾರಲ್ಲ ಅನ್ನುವ ಸಂಕೋಚ ಹೋಗಿ, ದುಡ್ಡು ಕೊಟ್ಟಾಯಿತಲ್ಲ ಅನ್ನುವ ಧೈರ್ಯ ಬಂತು. ದಂಡ ತೆಗೆದ ಮೇಲೂ ಹಳೆಯ ಸಂಕೋಚ ವಾಪಸ್ ಬರಲಿಲ್ಲ. 2000ದಲ್ಲಿ ಪ್ರಕಟವಾದದ್ದು. ನಿಮ್ಮ ನಾಣ್ಯ ದಂಡವಲ್ಲ, ಠೇವಣಿ; ವಾಪಸ್ ಬರುತ್ತದೆ. ಅದಕ್ಕೇ ಅದು ಕೆಲಸ ಮಾಡುತ್ತದೆ. ಆದರೆ ಕಾರ್ಟ್ ಜಾಗಕ್ಕೆ ಬಂದದ್ದು ಯೂರೋದ ಗುಣ, ಜರ್ಮನರದ್ದಲ್ಲ. ಅವರ ಗುಣ ನೋಡಬೇಕಿದ್ದರೆ ಇನ್ನೊಂದು ಕಡೆ ನೋಡಿ. ನಿಮ್ಮೂರಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿ ವಾಪಸ್ ಕೊಟ್ಟರೆ 25 ಸೆಂಟ್ ಬರುತ್ತದಲ್ಲ, ಅದನ್ನು ಕಸದ ಡಬ್ಬಿಯೊಳಗೆ ಹಾಕದೆ ಹೊರಗೆ ಪಕ್ಕದಲ್ಲಿ ನಿಲ್ಲಿಸಿ ಹೋಗುವವರನ್ನು ಕಂಡಿರುತ್ತೀರಿ. ಆಯುವವರು ಡಬ್ಬಿಗೆ ಕೈ ಹಾಕಬೇಕಾಗಬಾರದು ಅಂತ.

ಧಾರವಾಡದವರು ಅಂದಿರಿ. ಊರಿಗೆ ಬಂದಾಗ ಫೇಡೆ ಡಬ್ಬಿ ಒಂದನ್ನು ಶಿವಮೊಗ್ಗಕ್ಕೂ ಕಳಿಸಿ. ಠೇವಣಿ ಇಡುವುದಿಲ್ಲ.

ಪ್ರಶ್ನೆ: ಊರಿಗೆಲ್ಲ ಬುದ್ಧಿ ಹೇಳುತ್ತೀರಿ. ನೀವು ಕಾರ್ಟ್ ವಾಪಸ್ ಇಡುತ್ತಿದ್ದಿರಾ? ನಿಜ ಹೇಳಿ.
– ಹೆಸರು ಬೇಡ, ಮೈಸೂರು

ಉತ್ತರ: ಇಡುತ್ತಿದ್ದೆ. ಆರು ತಿಂಗಳಲ್ಲಿ ಒಂದು ಸಲ ಬಿಟ್ಟು.

ಅಕ್ಟೋಬರ್ ತಿಂಗಳು. ಸಾಮಾನು ತುಂಬುತ್ತಿದ್ದೆವು, ಊರಿನಿಂದ ತಮ್ಮ ಫೋನ್ ಮಾಡಿದ. ಅಲ್ಲಿ ನಡುರಾತ್ರಿ. ಅಮ್ಮ ಬಚ್ಚಲಲ್ಲಿ ಬಿದ್ದಿದ್ದಾಳೆ, ಆಸ್ಪತ್ರೆಗೆ ಒಯ್ಯುತ್ತಿದ್ದೇವೆ ಅಂದ. ಮಗಳು ಆಗಲೇ ಡ್ರೈವರ್ ಸೀಟಿನಲ್ಲಿದ್ದಳು. ನಾನು ಫೋನ್ ಕಿವಿಗೆ ಒತ್ತಿಕೊಂಡೇ ಬಂದು ಪಕ್ಕದಲ್ಲಿ ಕೂತೆ. ಕಾರ್ಟ್ ಎಲ್ಲಿ ಬಿಟ್ಟೆ, ಕಟ್ಟೆಗೆ ಹತ್ತಿಸಿದೆನೋ, ಯಾರ ಕಾರಿನ ಹಿಂದೆ ನಿಲ್ಲಿಸಿದೆನೋ, ಇವತ್ತಿಗೂ ನೆನಪಿಗೆ ಬರುವುದಿಲ್ಲ. ಅದರೊಳಗೆ ಐದು ಕೆಜಿ ಈರುಳ್ಳಿಯ ಚೀಲ ಹಾಗೇ ಉಳಿದಿತ್ತು ಅಂತ ಎರಡು ದಿನದ ಮೇಲೆ, ವಿಮಾನ ನಿಲ್ದಾಣಕ್ಕೆ ನನ್ನನ್ನು ಬಿಡಲು ಹೋಗುವಾಗ ಮಗಳು ಹೇಳಿದಳು.